ಗುರುವಾರದ ಬ್ಯಾಟರಿ

ಎವ್ಲೋಗಿ ಮೊದಲ ಸಲ ನನ್ನ ಅಂಗಡಿಗೆ ಬಂದಾಗ ಅವರ ಪ್ಯಾಂಟಿನ ಬಲಜೇಬು ಇರಬೇಕಾದ ಕಡೆ ಅಂಗೈಯಗಲದ ತೂತಿತ್ತು. ತೂತಿನ ಅಂಚು ಕರಕಲಾಗಿ ಗಟ್ಟಿಯಾಗಿತ್ತು. ಒಳಗೆ ತೊಡೆಗೆ ಸುತ್ತಿದ್ದ ಬ್ಯಾಂಡೇಜು ಕಾಣುತ್ತಿತ್ತು. ಬೇರೆ ಪ್ಯಾಂಟು ಹಾಕಿಕೊಂಡು ಬರಬಹುದಿತ್ತು. ಸಾಕ್ಷಿಗಿರಲಿ ಎಂದು ಅದನ್ನೇ ಹಾಕಿಕೊಂಡು ಬಂದಿದ್ದರು.

"ನೀವಿಲ್ಲಿ ಮಾರೋದು ಬ್ಯಾಟರೀನೋ ಪಟಾಕೀನೋ?" ಎಂದರು.

ನನ್ನಲ್ಲಿ ಕೊಂಡದ್ದೇ ಎಂದು ಕೇಳಿದೆ. ಅಲ್ಲವಂತೆ, ಭಾನುವಾರದ ಸಂತೆಯಲ್ಲಿ ಕೊಂಡದ್ದಂತೆ.

"ಮತ್ತೆ ನನ್ನ ಯಾಕೆ ಬೈತೀರಿ ಯಜಮಾನ್ರೇ?"

"ಸಂತೆಯೋನು ಸಿಗಲಿಲ್ಲ. ನೀನು ಸಿಕ್ಕಿದೆ."

ಹಾಗೆ ಹೇಳಿದ ಮೇಲೆ ಅವರಿಗೇ ನಗು ಬಂತು. ನನಗೂ ಬಂತು. ನಾನು ಸ್ಟೂಲು ಎಳೆದು ಕೊಟ್ಟೆ. ಸುಟ್ಟ ಕಾಲನ್ನು ಮುಂದಕ್ಕೆ ಚಾಚಿ ಅವರು ಕೂತರು.

ಪ್ಲೆವೆನ್ ಊರಿನಲ್ಲಿ ಈ ಅಂಗಡಿ ತೆರೆದವನು ನನ್ನ ಗಂಡ. ಇ-ಸಿಗರೇಟು, ಅದಕ್ಕೆ ತುಂಬುವ ದ್ರವ, ಬ್ಯಾಟರಿ, ಚಾರ್ಜರು, ಇಷ್ಟೇ ಸರಕು. ಎರಡನೆಯ ವರ್ಷ ಅವನು ಸರಕು ತರುತ್ತೇನೆಂದು ಸಮುದ್ರತೀರದ ವಾರ್ನಾ ಊರಿಗೆ ಹೋದವನು ಅಲ್ಲೇ ಒಬ್ಬಳ ಜೊತೆ ಉಳಿದುಬಿಟ್ಟ. ಅಂಗಡಿ ನನ್ನ ಪಾಲಿಗೆ ಬಂತು. ಬೆಳಿಗ್ಗೆ ಹತ್ತಕ್ಕೆ ಶಟರು ಎತ್ತುವುದು, ಸಂಜೆ ಏಳಕ್ಕೆ ಇಳಿಸುವುದು. ಜನ ಬರುತ್ತಾರೆ, ಯಾವ ರುಚಿ ಬೇಕೆಂದು ಹೇಳುತ್ತಾರೆ, ಹೋಗುತ್ತಾರೆ. ದಿನಕ್ಕೆ ನಲವತ್ತು ಮಂದಿಯ ಜೊತೆ ಮಾತಾಡಿಯೂ ಮನೆಗೆ ಹೋಗುವಾಗ ಯಾರ ಜೊತೆಯೂ ಮಾತಾಡಿಲ್ಲ ಅನ್ನಿಸುತ್ತಿತ್ತು.

ಎವ್ಲೋಗಿ ಮೂವತ್ತೊಂದು ವರ್ಷ, ತಲೆಯ ಮೇಲಿನ ವಿದ್ಯುತ್ ತಂತಿಯಿಂದ ಓಡುವ ಟ್ರಾಲಿ ಬಸ್ಸು ಓಡಿಸಿ ನಿವೃತ್ತರಾದವರು. ಸಿಗರೇಟು ಬಿಡದಿದ್ದರೆ ಶ್ವಾಸಕೋಶ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಇ-ಸಿಗರೇಟು ಹಿಡಿದಿದ್ದರು. ಆ ದಿನ ಏಳನೆಯ ನಂಬರಿನ ಬಸ್ಸಿನಲ್ಲಿ ಪ್ರಯಾಣಿಕರಾಗಿ ಕೂತಿದ್ದಾಗ ಬಿಡಿ ಬ್ಯಾಟರಿ ಇಟ್ಟಿದ್ದ ಜೇಬು ಬೆಚ್ಚಗಾದಂತೆ ಅನ್ನಿಸಿತಂತೆ. ಬಿಸಿಲಿರಬೇಕು ಅಂದುಕೊಂಡರಂತೆ. ಮರುಗಳಿಗೆಯಲ್ಲೇ ಜೇಬಿನಿಂದ ಬುಸ್ಸೆಂದು ಬೆಂಕಿ ಬಂತು. ಡ್ರೈವರು ಇವರ ಕೈಕೆಳಗೇ ಕೆಲಸ ಕಲಿತವನು. ಅವನೇ ನೀರಿನ ಬಾಟಲಿ ತಂದು ಸುರಿದನಂತೆ. ಸುಟ್ಟ ನೋವಿಗಿಂತ ಶಿಷ್ಯನ ಮುಂದೆ ಹಾಗಾದದ್ದೇ ಅವರಿಗೆ ಹೆಚ್ಚಾಗಿ ನಾಟಿತ್ತು.

"ಆರುನೂರು ವೋಲ್ಟ್ ತಂತಿ ಕೆಳಗೆ ಕೂತು ಜೀವನ ಕಳೆದೋನು ನಾನು. ಈ ಬೆರಳುದ್ದದ್ದು ನನ್ನ ಪ್ಯಾಂಟು ಸುಡೋದು ಅಂದ್ರೇನು?"

ಆ ಜೇಬಿನಲ್ಲಿ ಬೇರೆ ಏನಿತ್ತು ಎಂದು ಕೇಳಿದೆ. ಮನೆಯ ಬೀಗದಕೈ ಗೊಂಚಲು, ಚಿಲ್ಲರೆ. ನನಗೆ ಅರ್ಥವಾಯಿತು. ನಾನು ಒಂದು ಬ್ಯಾಟರಿ ತೆಗೆದು ಅವರ ಕೈಗಿಟ್ಟೆ. ಮೇಲಿನ ಗುಂಡಿ ಒಂದು ಧ್ರುವ, ಮಿಕ್ಕ ಮೈಯೆಲ್ಲ ಇನ್ನೊಂದು ಧ್ರುವ. ಎರಡೂ ಒಂದನ್ನೊಂದು ಮುಟ್ಟದ ಹಾಗೆ ಕಾಯುವುದು ಈ ತೆಳ್ಳಗಿನ ಪ್ಲಾಸ್ಟಿಕ್ ಹೊದಿಕೆ ಮಾತ್ರ. ಅದು ಎಲ್ಲಾದರೂ ಹರಿದು, ಬೀಗದಕೈಯೋ ನಾಣ್ಯವೋ ಎರಡು ಕಡೆಗೂ ತಗುಲಿದರೆ ಒಳಗಿರುವ ಶಕ್ತಿಯೆಲ್ಲ ಒಂದೇ ಸಲಕ್ಕೆ ಹೊರಗೆ ನುಗ್ಗುತ್ತದೆ. ಹಾಗಾಗಿ ಬಿಡಿ ಬ್ಯಾಟರಿಯನ್ನು ಜೇಬಿಗೆ ಹಾಕಲೇಬಾರದು, ಡಬ್ಬಿಯಲ್ಲೇ ಇಡಬೇಕು. ಹಾಸಿಗೆಯ ಮೇಲೆ, ಸೋಫಾದ ಮೇಲೆ ಚಾರ್ಜಿಗೆ ಇಡಬಾರದು. ಚಾರ್ಜಿಗೆ ಇಟ್ಟು ಮಲಗಬಾರದು. ಬಿಸಿಲು ಬೀಳುವ ಕಿಟಕಿಯಲ್ಲಿ ಇಡಬಾರದು. ಹಳೆಯದಾದರೆ ಕಸದ ಬುಟ್ಟಿಗೆ ಎಸೆಯಬಾರದು, ತುದಿಗಳಿಗೆ ಟೇಪು ಅಂಟಿಸಿ ನನ್ನ ಬಾಗಿಲ ಬಳಿಯ ಪೆಟ್ಟಿಗೆಗೆ ತಂದು ಹಾಕಬೇಕು.

ಇದನ್ನೆಲ್ಲ ನಾನು ದಿನಾ ಹೇಳುತ್ತೇನೆ. ಜನ ಫೋನು ನೋಡುತ್ತ ಹೂಂ ಅನ್ನುತ್ತಾರೆ. ಎವ್ಲೋಗಿ ಕನ್ನಡಕ ಹಾಕಿಕೊಂಡು, ಕೋಟಿನಿಂದ ಒಂದು ಹಳೆಯ ಟಿಕೆಟ್ ಪುಸ್ತಕ ತೆಗೆದು ಅದರ ಬೆನ್ನಿಗೆ ಒಂದೊಂದಾಗಿ ಬರೆದುಕೊಂಡರು. ಹೊಸ ಡ್ರೈವರುಗಳಿಗೆ ನಿಯಮ ಕಲಿಸುತ್ತಿದ್ದವರು ಅವರು. ನಿಯಮಕ್ಕೆ ಮರ್ಯಾದೆ ಕೊಡುವುದು ಅವರಿಗೆ ಗೊತ್ತಿತ್ತು. ಎರಡು ಒಳ್ಳೆಯ ಬ್ಯಾಟರಿ, ಎರಡು ಪ್ಲಾಸ್ಟಿಕ್ ಡಬ್ಬಿ ಕೊಂಡರು. ಹೋಗುವಾಗ, ಮನೆಯಲ್ಲಿ ಪಾವ್ಲಿನಾಗೂ ಇದನ್ನೆಲ್ಲ ಹೇಳಬೇಕು, ಅವಳು ಸಿಕ್ಕಿದ್ದನ್ನೆಲ್ಲ ಕಿಟಕಿಯಲ್ಲೇ ಇಡುತ್ತಾಳೆ ಎಂದರು. ಪಾವ್ಲಿನಾ ಅವರ ಹೆಂಡತಿ.

ಎರಡು ವಾರ ಕಳೆದು ಒಂದು ಗುರುವಾರ ಹನ್ನೊಂದು ಗಂಟೆಗೆ ಮತ್ತೆ ಬಂದರು. ಒಂದು ಬ್ಯಾಟರಿಯ ಹೊದಿಕೆ ಸ್ವಲ್ಪ ಹರಿದಿದೆ, ಇನ್ನು ಬಳಸಬಹುದೇ ಎಂದು ಕೇಳಿದರು. ಡಬ್ಬಿಯೊಳಗೇ ಇಟ್ಟು ತಂದಿದ್ದರು. ನನಗೆ ಸಂತೋಷವಾಯಿತು. ಹೇಳಿದ್ದನ್ನು ಕೇಳಿ ನಡೆದುಕೊಂಡ ಮೊದಲ ಗಿರಾಕಿ.

ಹೊದಿಕೆ ಬದಲಿಸುವುದು ಹತ್ತು ನಿಮಿಷದ ಕೆಲಸ. ಹಳೆಯದನ್ನು ಸುಲಿದು ತೆಗೆಯಬೇಕು. ಗುಂಡಿಯ ಸುತ್ತ ಕಾಗದದ ಬಳೆ ಸರಿಯಾಗಿ ಕೂತಿದೆಯೇ ನೋಡಬೇಕು. ಹೊಸ ಪ್ಲಾಸ್ಟಿಕ್ ಕೊಳವೆಯನ್ನು ಏರಿಸಿ, ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿ ಸ್ವಲ್ಪವೇ ತಾಕಿಸಿದರೆ ಅದು ಸುಕ್ಕಿಲ್ಲದೆ ಮೈಗೆ ಅಂಟಿಕೊಳ್ಳುತ್ತದೆ. ಎವ್ಲೋಗಿ ಆ ಹತ್ತು ನಿಮಿಷವೂ ಗಾಜಿನ ಆಚೆ ಕಾಣುವ ಟ್ರಾಲಿ ನಿಲ್ದಾಣ ನೋಡುತ್ತ ಮಾತಾಡಿದರು. ಪುಡಿಗಾಸಿನ ಕೆಲಸ, ನಾನು ದುಡ್ಡು ತೆಗೆದುಕೊಳ್ಳಲಿಲ್ಲ.

ಮುಂದಿನ ಗುರುವಾರ ಇನ್ನೊಂದು ಬ್ಯಾಟರಿ ಹರಿದಿತ್ತು. ಅದರ ಮುಂದಿನ ಗುರುವಾರ ಮತ್ತೆ ಮೊದಲನೆಯದು. ವಯಸ್ಸಾದವರ ಕೈ, ಉಗುರು ತಾಗುತ್ತದೇನೋ ಅಂದುಕೊಂಡೆ. ಚಾರ್ಜರಿನಿಂದ ತೆಗೆಯುವಾಗ ಕೀಳಬೇಡಿ, ಕೆಳಗಿನಿಂದ ಮೆಲ್ಲಗೆ ಎತ್ತಿ ಎಂದು ತೋರಿಸಿದೆ. ಅವರು ತಲೆಯಾಡಿಸಿದರು. ಬರಬರುತ್ತ ಗುರುವಾರ ಹನ್ನೊಂದಕ್ಕೆ ಮುಂಚೆ ನಾನು ಎದುರಿನ ಕಾಫಿ ಯಂತ್ರದಿಂದ ಎರಡು ಲೋಟ ತಂದಿಡುವುದು ರೂಢಿಯಾಯಿತು. ಅವರು ಕೆಲವು ಸಲ ಬಿಸಿ ಬಾನಿತ್ಸಾ ತರುತ್ತಿದ್ದರು, ಪದರ ಪದರದ ನಡುವೆ ಚೀಸು ಕರಗಿ ಕಾಗದಕ್ಕೆಲ್ಲ ಜಿಡ್ಡು ಹತ್ತಿರುತ್ತಿತ್ತು. "ಪಾವ್ಲಿನಾ ಮಾಡೋದ್ರ ಮುಂದೆ ಇದು ಏನೂ ಅಲ್ಲ" ಅನ್ನುತ್ತಿದ್ದರು. "ಅವಳು ಹಿಟ್ಟು ಎಳೆದ್ರೆ ಆಚೆ ಕಡೆ ಪೇಪರ್ ಇಟ್ಟು ಓದಬಹುದು."

ಪಾವ್ಲಿನಾ ಹೀಗಂದಳು, ಪಾವ್ಲಿನಾಗೆ ಮೆಟ್ಟಿಲು ಹತ್ತಿದರೆ ಮಂಡಿನೋವು, ಪಾವ್ಲಿನಾಗೆ ಅವರ ಇ-ಸಿಗರೇಟಿನ ದ್ರಾಕ್ಷಿ ವಾಸನೆ ಹಿಡಿಸುವುದಿಲ್ಲ. ಕೇಳುತ್ತ ಕೇಳುತ್ತ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ನಮ್ಮ ಮನೆಯಲ್ಲಿ ಯಾವ ವಾಸನೆಯ ಬಗ್ಗೆಯೂ ದೂರು ಹೇಳುವವರು ಇರಲಿಲ್ಲ.

ಫೆಬ್ರವರಿಯ ಒಂದು ಗುರುವಾರ ಅಂಗಡಿಯಲ್ಲಿ ಜನವಿತ್ತು. ಹೊಸದಾಗಿ ಮದುವೆಯಾದಂತೆ ಕಂಡ ಇಬ್ಬರು, ಹಿಂದೆ ಟ್ಯಾಕ್ಸಿ ಓಡಿಸುವ ರುಮೆನ್. ರುಮೆನ್‌ಗೆ ಟ್ಯಾಕ್ಸಿ ರಸ್ತೆಗೆ ಅಡ್ಡ ನಿಲ್ಲಿಸಿ ಬಂದ ಅವಸರ. ಎವ್ಲೋಗಿ ಎಂದಿನಂತೆ ಡಬ್ಬಿ ಕೊಟ್ಟು ಸ್ಟೂಲಿನಲ್ಲಿ ಕೂತರು. ನಾನು ಒಂದು ಕಣ್ಣು ಗಿರಾಕಿಗಳ ಮೇಲಿಟ್ಟು ಹೊದಿಕೆ ಸುಲಿಯಲು ಹೊರಟೆ. ಪ್ಲಾಸ್ಟಿಕ್ ಚಿಮಟ ಕೈಗೆ ಸಿಗಲಿಲ್ಲ. ಕಬ್ಬಿಣದ ಚಿಮಟ ಸಿಕ್ಕಿತು. ಬ್ಯಾಟರಿಗೆ ಲೋಹ ಮುಟ್ಟಿಸಬೇಡಿ ಎಂದು ಊರಿಗೆಲ್ಲ ಹೇಳುವ ನಾನು ಅದನ್ನೇ ಎತ್ತಿಕೊಂಡೆ.

ಆವತ್ತು ಹರಿದಿದ್ದದ್ದು ನಡುಮೈಯಲ್ಲಲ್ಲ, ಮೇಲೆ, ಗುಂಡಿಯ ಪಕ್ಕದಲ್ಲೇ. ಚಿಮಟದ ಒಂದು ಕಾಲು ಗುಂಡಿಗೆ, ಇನ್ನೊಂದು ಅಂಚಿಗೆ ತಗುಲಿತು. ಚಟ್ಟೆಂದು ಕಿಡಿ ಹಾರಿ ಚಿಮಟ ಅಲ್ಲೇ ಬೆಸೆದುಕೊಂಡಿತು. ಎಳೆದರೆ ಬರಲಿಲ್ಲ. ಬೆರಳು ಸುಡತೊಡಗಿತು. ಎರಡನ್ನೂ ಹಾಗೇ ಹಿಡಿದು ಬಾಗಿಲಾಚೆ ಓಡಿ ಅಲ್ಲಿಟ್ಟಿದ್ದ ಮರಳಿನ ಬಕೆಟ್ಟಿಗೆ ಬಿಸಾಡಿದೆ. ಅದು ಮರಳಿನಲ್ಲಿ ಬುಸುಗುಟ್ಟಿ, ಮೂಗಿಗೆ ಸಿಹಿಯಾಗಿ ಗಂಟಲಿಗೆ ಕಾರವಾಗಿ ಹತ್ತುವ ಹೊಗೆ ಬಿಟ್ಟಿತು. ಆ ಹೆಂಗಸು ಗಂಡನ ತೋಳು ಹಿಡಿದು ಗೋಡೆಗೆ ಒತ್ತಿಕೊಂಡಿದ್ದಳು.

ಒಳಗೆ ಬಂದು ಬೆರಳನ್ನು ನಲ್ಲಿಯ ಕೆಳಗೆ ಹಿಡಿದೆ. ಕೌಂಟರಿನ ಮೇಲೆ ಕಿಡಿಗೆ ಮುಂಚೆ ಸುಲಿದಿದ್ದ ಹೊದಿಕೆಯ ಚೂರು ಬಿದ್ದಿತ್ತು. ಎತ್ತಿ ನೋಡಿದೆ. ಉಗುರು ತಾಗಿ ಹರಿದರೆ ಅಂಚು ಜೂಲುಜೂಲಾಗಿರುತ್ತದೆ. ಇದು ನೇರ ಗೀಟು. ಬ್ಲೇಡಿನಿಂದ ಎಳೆದ ಗೀಟು. ಹಿಂದಿನ ವಾರಗಳ ಹೊದಿಕೆಗಳೆಲ್ಲ ಕಣ್ಣ ಮುಂದೆ ಬಂದವು. ಎಲ್ಲವೂ ಹೀಗೇ ಇದ್ದವು, ನಾನು ಗಮನಿಸಿರಲಿಲ್ಲ.

"ಇದನ್ನ ನೀವೇ ಕುಯ್ದಿದ್ದೀರಿ" ಎಂದೆ.

ಎವ್ಲೋಗಿ ಎದ್ದು ನಿಂತಿದ್ದರು.

"ಪ್ರತಿ ವಾರ ಬೇಕಂತ್ಲೇ ಕುಯ್ಕೊಂಡು ತರ್ತೀರಿ. ತಲೆ ಕೆಟ್ಟಿದೆಯಾ ನಿಮಗೆ? ನನ್ನ ಅಂಗಡಿ ಸುಟ್ಟುಹೋದ್ರೆ ಯಾರು ಬರ್ತಾರೆ?"

ರುಮೆನ್ ನಕ್ಕ. "ಬಿಡು ಸೆವ್ದಾ, ತಾತನಿಗೆ ಈ ವಯಸ್ಸಲ್ಲಿ ಪ್ರೀತಿ ಹುಟ್ಟಿದೆ. ಹೂವು ತರೋಕೆ ನಾಚಿಕೆ, ಬಾಂಬು ತಂದವ್ನೆ."

ಆ ಗಂಡ ಹೆಂಡತಿಯೂ ನಕ್ಕರು. ಹೆದರಿದವರಿಗೆ ನಗಲು ಒಂದು ನೆಪ ಬೇಕಿತ್ತು. ನಾನು ನಗಲಿಲ್ಲ, ಅವರನ್ನು ತಡೆಯಲೂ ಇಲ್ಲ. ಎವ್ಲೋಗಿಯ ಮುಖ ಕಿವಿಯವರೆಗೆ ಕೆಂಪಾಯಿತು. ಟೋಪಿ ತೆಗೆದು ಮತ್ತೆ ಹಾಕಿಕೊಂಡರು. "ಕೈ ಜೋರಾಗಿ ಸುಟ್ಟಿತಾ?" ಎಂದು ಮೆಲ್ಲಗೆ ಕೇಳಿದರು. ನಾನು ಮುಖ ತಿರುಗಿಸಿ ರುಮೆನ್‌ಗೆ ಏನು ಬೇಕೆಂದು ಕೇಳಿದೆ. ಅವರು ಬಾಗಿಲು ಸದ್ದಾಗದಂತೆ ಎಳೆದುಕೊಂಡು ಹೋದರು. ಕಾಫಿ ಮುಟ್ಟಿರಲಿಲ್ಲ.

ಮುಂದಿನ ಗುರುವಾರ ಅವರು ಬರಲಿಲ್ಲ. ನಾನಿನ್ನೂ ಕೋಪದಲ್ಲೇ ಇದ್ದೆ, ಬರದಿದ್ದರೇ ಒಳ್ಳೆಯದು ಅಂದುಕೊಂಡೆ. ಅದರ ಮುಂದಿನ ಗುರುವಾರ ಬೆರಳಿನ ಬೊಬ್ಬೆ ಒಣಗಿತ್ತು. ಆಗ ಕಬ್ಬಿಣದ ಚಿಮಟದ ನೆನಪಾಯಿತು. ಅವರು ಕುಯ್ದದ್ದು ನಿಜ. ಆದರೆ ಡಬ್ಬಿಯಲ್ಲಿಟ್ಟು ತಂದಿದ್ದರು. ದಾರಿಯಲ್ಲಿ ಏನೂ ಆಗುತ್ತಿರಲಿಲ್ಲ. ಕಿಡಿ ಹಾರಿಸಿದವಳು ನಾನು. ನನ್ನ ತಪ್ಪು ಯಾರಿಗೂ ಕಾಣದಿರಲಿ ಎಂದೇ ಅಷ್ಟು ಜೋರಾಗಿ ಕೂಗಿದೆನೋ ಏನೋ.

ಮಾರ್ಚ್ ಒಂದು, ವಸಂತದ ಹಾರೈಕೆಯೆಂದು ಕೈಗೆ ಕೆಂಪು-ಬಿಳಿ ದಾರ ಕಟ್ಟಿಕೊಳ್ಳುವ ದಿನ, ಗಿರಾಕಿಗಳು ನನಗೂ ನಾಲ್ಕಾರು ಕಟ್ಟಿದರು. ಪ್ರತಿಯೊಬ್ಬರೂ ಎಲ್ಲರಿಗೂ ಕಟ್ಟುತ್ತಾರೆ. ಗುರುವಾರ ಹನ್ನೊಂದಕ್ಕೆ ನನ್ನ ಕಾಲು ತಾನಾಗಿ ಕಾಫಿ ಯಂತ್ರದ ಕಡೆ ಹೋಗುತ್ತಿತ್ತು. ಎರಡು ಸಲ ಎರಡು ಲೋಟ ತಂದು, ಎರಡನ್ನೂ ನಾನೇ ಕುಡಿದೆ. ಅವರು ಮಾಡಿದ್ದು ಯಾಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಮನೆಯಲ್ಲಿ ಹೆಂಡತಿ ಇರುವವರಿಗೆ ಅಂಥ ಗತಿ ಯಾಕೆ ಬಂತು ಎನ್ನುವುದು ಮಾತ್ರ ಗೊತ್ತಾಗಲಿಲ್ಲ.

ಐದು ಗುರುವಾರ ಕಳೆದವು. ನಿಲ್ದಾಣದಲ್ಲಿ ಏಳನೆಯ ನಂಬರು ನಿಂತಾಗ ಹೋಗಿ ಡ್ರೈವರನ್ನು ಕೇಳಿದೆ. ಎವ್ಲೋಗಿ ಎಂದ ಕೂಡಲೆ ಅವನಿಗೆ ಗೊತ್ತಾಯಿತು. ದ್ರುಜ್ಬಾ ಬಡಾವಣೆ, ಕೊನೆಯ ನಿಲ್ದಾಣದ ಹಿಂದಿನ ಬ್ಲಾಕು, ಎರಡನೆಯ ಬಾಗಿಲು. "ಹುಷಾರಿಲ್ವಂತೆ, ಕೆಮ್ಮಂತೆ" ಎಂದ.

ಭಾನುವಾರ ಮಧ್ಯಾಹ್ನ ಹೋದೆ. ಎರಡನೆಯ ಬಾಗಿಲಿನ ಮೇಲೆ ಎಲ್ಲ ಬ್ಲಾಕುಗಳಲ್ಲಿರುವಂತೆ ಸತ್ತವರ ಸ್ಮರಣೆಯ ಕಾಗದಗಳು ಅಂಟಿದ್ದವು. ಕರೆಗಂಟೆಗಳ ಪಕ್ಕ ಅವರ ಹೆಸರು ಹುಡುಕುತ್ತಿದ್ದಾಗ ಒಂದರ ಮೇಲೆ ಕಣ್ಣು ನಿಂತಿತು. ಗುಂಡುಮುಖದ, ನಗುವ ಹೆಂಗಸಿನ ಚಿತ್ರ. ಕೆಳಗೆ, ಪಾವ್ಲಿನಾ ನಮ್ಮನ್ನು ಬಿಟ್ಟು ಹೋಗಿ ಮೂರು ವರ್ಷ. ಕೆಳಗಡೆ ಒಂದೇ ಹೆಸರು, ಪತಿ ಎವ್ಲೋಗಿ. ಮಕ್ಕಳ ಹೆಸರಿರಲಿಲ್ಲ, ಬೇರೆ ಯಾರ ಹೆಸರೂ ಇರಲಿಲ್ಲ. ಕಾಗದ ಅಂಟಿಸಿ ತಿಂಗಳಾಗಿರಬೇಕು, ಒಂದು ಮೂಲೆ ಬಿಟ್ಟುಕೊಂಡಿತ್ತು. ನಾನು ಅದನ್ನು ಒತ್ತಿ ಅಂಟಿಸಲು ನೋಡಿದೆ, ಅಂಟಲಿಲ್ಲ.

ಹಿಂದಕ್ಕೆ ಹೋಗಿಬಿಡಲೇ ಅನ್ನಿಸಿತು. ಅಷ್ಟರಲ್ಲಿ ಒಳಗಿನಿಂದ ಯಾರೋ ಹೊರಬಂದು ನನಗಾಗಿ ಬಾಗಿಲು ಹಿಡಿದು ನಿಂತರು. ಒಳಗೆ ಹೋದೆ, ಮಹಡಿ ಹತ್ತಿ ಅವರ ಹೆಸರಿದ್ದ ಬಾಗಿಲು ಹುಡುಕಿ ಗಂಟೆ ಒತ್ತಿದೆ.

ಎವ್ಲೋಗಿ ಬಾಗಿಲು ತೆಗೆದಾಗ ಮೊದಲು ಬಂದದ್ದು ಸಿಗರೇಟಿನ ವಾಸನೆ. ನಿಜವಾದ ತಂಬಾಕು. ಇಳಿದುಹೋಗಿದ್ದರು. ನನ್ನನ್ನು ಕಂಡು ಗಡ್ಡ ಸವರಿಕೊಂಡರು, ಬೋಳಿಸದೆ ಮೂರು ದಿನವಾಗಿದ್ದಿರಬೇಕು.

"ಕೈ ವಾಸಿಯಾಯ್ತಾ?" ಎಂದರು.

ತೋರಿಸಿದೆ. ಅವರು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಅಡುಗೆಮನೆಗೆ ಕರೆದು ಕೂರಿಸಿದರು. ಮೇಜಿನ ಮೇಲೆ ಒಂದು ತಟ್ಟೆ, ಒಂದು ಚಮಚ, ತುಂಬಿದ ಆ್ಯಷ್‌ಟ್ರೇ. ನಾನು ಸುಳ್ಳು ಹೇಳಿದೆ. ಹಳೆಯ ಬ್ಯಾಟರಿ ತೆಗೆದುಕೊಂಡು ಹೋಗುವ ಗಾಡಿ ಈ ವಾರ ಬರುತ್ತದೆ, ನಿಮ್ಮ ಹತ್ತಿರ ಬೇಡದ್ದು ಏನಾದರೂ ಇದ್ದರೆ ಒಯ್ಯೋಣವೆಂದು ಬಂದೆ ಎಂದೆ.

ಅವರು ಬೀರುವಿನ ಕೆಳಗಿನ ಖಾನೆಯಿಂದ ಒಂದು ಮಣ್ಣಿನ ಪಾತ್ರೆ ತಂದರು. ಹುರುಳಿಕಾಯಿ ಬೇಯಿಸುವಂಥ, ಮುಚ್ಚಳವಿರುವ ಪಾತ್ರೆ. ಒಳಗೆ ಮರಳು. ಮರಳಿನ ಮೇಲೆ ಪ್ಲಾಸ್ಟಿಕ್ ಡಬ್ಬಿ. ಅದರಲ್ಲಿ ಉಳಿದಿದ್ದ ಒಂದು ಬ್ಯಾಟರಿ, ಮತ್ತೆ ಸಂತೆಯಲ್ಲಿ ಕೊಂಡ ಇನ್ನೊಂದು ಹಳೆಯದು. ಎರಡರ ತುದಿಗಳಿಗೂ ಟೇಪು ಅಂಟಿಸಿತ್ತು.

"ಕಸಕ್ಕೆ ಹಾಕ್ಬೇಡಿ ಅಂತ ನೀನೇ ಅಂದಿದ್ದೆ" ಎಂದರು. "ಪೆಟ್ಟಿಗೆ ಇರೋದು ನಿನ್ನ ಅಂಗಡೀಲಿ. ಅಲ್ಲಿಗೆ ಹೇಗೆ ಬರ್ಲಿ? ಹಂಗೇ ಇಟ್ಟೆ."

ಆ್ಯಷ್‌ಟ್ರೇ ಕಡೆ ಕೈತೋರಿ, ಮತ್ತೆ ಇದನ್ನು ಯಾಕೆ ಶುರುಮಾಡಿದಿರಿ ಎಂದು ಕೇಳಿದೆ. ಬ್ಯಾಟರಿ ಕಂಡರೆ ನಾಚಿಕೆಯಾಗುತ್ತಿತ್ತು ಎಂದರು. ಸಿಗರೇಟಿಗೆ ಬೆಂಕಿಪೊಟ್ಟಣ ಸಾಕು, ಯಾರನ್ನೂ ಕೇಳಬೇಕಿಲ್ಲ. ಹೇಳಿ ಮುಗಿಸುವುದರೊಳಗೆ ಕೆಮ್ಮು ಬಂತು. ಬಗ್ಗಿ, ಮೇಜಿನ ಅಂಚು ಹಿಡಿದು ಕೆಮ್ಮಿದರು. ನಾನು ನೀರು ಕೊಟ್ಟೆ.

ಆ ದಿನ ತಪ್ಪು ನನ್ನದೂ ಇತ್ತು ಎಂದು ಹೇಳಿದೆ. ಕಬ್ಬಿಣದ ಚಿಮಟದ ವಿಷಯ ಹೇಳಿದೆ. ಅವರು ಕೇಳಿ, ನೋಡಿದ್ದೆ ಎಂದರು. ಆವತ್ತೇ ನೋಡಿದ್ದರಂತೆ.

"ಅಲ್ಲೇ ಹೇಳ್ಬೇಕಿತ್ತು" ಎಂದೆ.

"ಜನರ ಮುಂದೆ ಹೇಗೆ ಹೇಳೋದಮ್ಮಾ?"

ಜನರ ಮುಂದೆ ಹೇಳಿದವಳು ನಾನು. ಕೆಳಗೆ ಕೊನೆಯ ನಿಲ್ದಾಣದಲ್ಲಿ ಟ್ರಾಲಿ ತಿರುಗುವ ಸದ್ದು ಕೇಳಿಸುತ್ತಿತ್ತು. ಪಾವ್ಲಿನಾ ಬಗ್ಗೆ ನಾನು ಕೇಳಲಿಲ್ಲ, ಅವರೂ ಎತ್ತಲಿಲ್ಲ. ನಾನು ಕೆಳಗಿನ ಬಾಗಿಲಿನಿಂದಲೇ ಬಂದವಳು, ಆ ಕಾಗದ ಓದಿಯೇ ಬಂದಿದ್ದೇನೆ ಎಂದು ಅವರಿಗೆ ಗೊತ್ತಿತ್ತು.

ಗುರುವಾರ ಬನ್ನಿ ಎಂದೆ. ಏನನ್ನೂ ಕುಯ್ಯದೆ ಬನ್ನಿ.

"ಕೆಲಸ ಇಲ್ದೆ ಹೇಗೆ ಬರೋದು?" ಎಂದರು. ಗೊತ್ತಿಲ್ಲದ್ದನ್ನು ನಿಜಕ್ಕೂ ಕೇಳುತ್ತಿರುವಂತೆ ಕೇಳಿದರು. "ಒಂದು ಬ್ಯಾಟರಿ ಕೈಲಿದ್ರೆ ಒಳಗೆ ಬಂದು ಕೂತ್ಕೋಬಹುದು. ಸುಮ್ನೆ ಬಂದ್ರೆ ಏನಂತ ಹೇಳ್ಲಿ? ನಾನು ಮುದುಕ, ಮಾತಾಡೋಕೆ ಯಾರೂ ಇಲ್ಲ, ಅಂತ ಹೇಳ್ಲಾ?"

"ನಾನು ಇವತ್ತು ಯಾವ ಕೆಲಸಕ್ಕೆ ಬಂದೆ?"

"ಗಾಡಿ ಬರುತ್ತೆ ಅಂದ್ಯಲ್ಲ."

"ಯಾವ ಗಾಡೀನೂ ಬರಲ್ಲ" ಎಂದೆ. "ಗುರುವಾರ ಎರಡು ಕಾಫಿ ತರ್ತೀನಿ, ಎರಡನ್ನೂ ನಾನೇ ಕುಡೀತೀನಿ. ಅದಕ್ಕೆ ಬಂದೆ."

ಅವರು ನನ್ನ ಮುಖ ನೋಡಲಿಲ್ಲ. ಪಾತ್ರೆಯ ಮುಚ್ಚಳವನ್ನು ತೆಗೆದು, ಸರಿಯಾಗಿ ಕೂರುವಂತೆ ಮತ್ತೆ ಮುಚ್ಚಿದರು. ಬ್ಯಾಟರಿಗಳನ್ನು ಡಬ್ಬಿಸಮೇತ ನನ್ನ ಚೀಲಕ್ಕೆ ಹಾಕಿ, ಮೆಟ್ಟಿಲಿನವರೆಗೆ ಬಂದರು. ಲಿಫ್ಟು ಕೆಟ್ಟಿತ್ತು. ನಾನು ಇಳಿಯುವಾಗ ಮೇಲಿನಿಂದ ಕೆಮ್ಮು ಮೂರನೆಯ ಮಹಡಿಯವರೆಗೂ ಕೇಳಿಸಿತು.

ಗುರುವಾರ ಅವರು ಬರಲಿಲ್ಲ. ಆ ದಿನ ಒಂದೇ ಲೋಟ ತಂದಿದ್ದೆ. ಎರಡು ತರಲು ಧೈರ್ಯ ಬರಲಿಲ್ಲ. ಶುಕ್ರವಾರವೂ ಬರಲಿಲ್ಲ.

ಮಂಗಳವಾರ, ಏಪ್ರಿಲ್ ಮೊದಲ ವಾರ, ಅಂಗಡಿಯಲ್ಲಿ ಮೂರು ಜನ ಸಾಲಾಗಿ ನಿಂತಿದ್ದರು. ಒಬ್ಬನಿಗೆ ಇ-ಸಿಗರೇಟಿನೊಳಗಿನ ಕಾಯುವ ಸುರುಳಿ ಬದಲಿಸಿ ಕೊಡುತ್ತಿದ್ದೆ. ತಲೆ ಎತ್ತಿದಾಗ ಸಾಲಿನ ಕೊನೆಯಲ್ಲಿ ಎವ್ಲೋಗಿ ನಿಂತಿದ್ದರು. ಗಡ್ಡ ಬೋಳಿಸಿದ್ದರು, ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಬನ್ನಿ, ಕೂತುಕೊಳ್ಳಿ ಎಂದು ಸ್ಟೂಲು ತೋರಿಸಿದೆ. ಅವರು ಬೇಡವೆಂದು ಕೈಯಾಡಿಸಿ, ಮುಂದಿನವನ ಬೆನ್ನು ನೋಡುತ್ತ ಅಲ್ಲೇ ನಿಂತರು. ಒಬ್ಬೊಬ್ಬರೇ ಮುಂದೆ ಹೋದಂತೆ ಅವರೂ ಒಂದೊಂದು ಹೆಜ್ಜೆ ಮುಂದೆ ಬಂದರು.

ಅವರ ಸರದಿ ಬಂತು. ಬೇರೆ ಗಿರಾಕಿಗಳಿಗೆ ಕೇಳುವ ಹಾಗೆಯೇ, ಏನು ಕೊಡಲಿ ಎಂದು ಕೇಳಿದೆ.

ಕೈ ಎರಡನ್ನೂ ಕೌಂಟರಿನ ಮೇಲಿಟ್ಟರು. ಖಾಲಿ ಕೈಗಳು. ತುಟಿ ಎರಡು ಸಲ ಅಲುಗಾಡಿತು.

"ಏನೂ ಬೇಡ" ಎಂದರು.